ಎಡಗೈ ಹುಡುಗಿ ಮತ್ತು ನನ್ನ ಶನಿವಾರದ ಒಪ್ಪತ್ತು

ನಾನು ಭಕ್ತಿಯಿಂದ ಒಪ್ಪತ್ತು ಮಾಡಿದವಳಲ್ಲ. ದಾವಣಗೆರೆಯಲ್ಲಿ ನಮ್ಮಮ್ಮ ಪ್ರತಿ ಶನಿವಾರ ಒಂದೇ ಹೊತ್ತು ಉಣ್ಣುತ್ತಿದ್ದಳು. ರಾತ್ರಿ ಫಲಾಹಾರಕ್ಕೆಂದು ಅವಳು ಕಲಸಿಟ್ಟುಕೊಂಡ ಅವಲಕ್ಕಿಗೆ ಎಲ್ಲರಿಗಿಂತ ಮೊದಲು ಕೈ ಹಾಕುತ್ತಿದ್ದವಳು ನಾನು. ಅಂಥವಳು ಮಲೇಷ್ಯಾಕ್ಕೆ ಬಂದು, ನಲವತ್ತು ದಾಟಿದ ಮೇಲೆ, ಒಂದಿಡೀ ವರ್ಷದ ಪಂದ್ಯಗಳ ಶನಿವಾರಗಳನ್ನು ಹೊಟ್ಟೆ ಕಟ್ಟಿಕೊಂಡು ಬಿಸಿಲಿನಲ್ಲಿ ಕೂತು ಕಳೆದೆ. ಕಾರಣ ದೇವರಲ್ಲ, ಒಬ್ಬ ಹುಡುಗಿಯ ಮೇಲಿನ ಸಿಟ್ಟು. ಅವಳಿಗೆ ಆಗ ಹದಿನಾರು ತುಂಬಿರಲಿಲ್ಲ.

ಆಟದ ವಿಷಯ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಸಿಟ್ಟಿಗೆ ತಲೆಬುಡ ಸಿಗುವುದಿಲ್ಲ. ಪುಚೊಂಗ್‌ನಲ್ಲಿ ನನ್ನ ಮಗಳು ಓದುವ ಶಾಲೆಯ ಹುಡುಗಿಯರು ಸಾಫ್ಟ್‌ಬಾಲ್ ಆಡುತ್ತಾರೆ. ಬೇಸ್‌ಬಾಲ್‌ನ ತಂಗಿ ಎನ್ನಿ. ಚೆಂಡು ತುಸು ದೊಡ್ಡದು, ಎಸೆಯುವುದು ಕೆಳಗಿನಿಂದ. ಎಸೆಯುವವಳು ಪಿಚರ್. ತೋಳನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಸೊಂಟದ ಹತ್ತಿರ ಚೆಂಡು ಬಿಡುತ್ತಾಳೆ. ಬ್ಯಾಟು ಹಿಡಿದವಳ ಬೆನ್ನ ಹಿಂದೆ, ಮುಖಕ್ಕೆ ಜಾಲರಿ ಕಟ್ಟಿಕೊಂಡು, ಕುಕ್ಕರಗಾಲಿನಲ್ಲಿ ಕೂತು ಆ ಚೆಂಡು ಹಿಡಿಯುವವಳು ಕ್ಯಾಚರ್. ಕ್ರಿಕೆಟ್ಟಿನಲ್ಲೇ ಹುಟ್ಟಿ ಬೆಳೆದ ನಮಗೆ ಇದು ಬೇಗ ತಲೆಗೆ ಹೋಗಲಿಲ್ಲ. ಮೊದಲ ವರ್ಷ ಚೆಂಡು ಬ್ಯಾಟಿಗೆ ತಾಗಿ ಹಿಂದಕ್ಕೆ ಹಾರಿದಾಗಲೆಲ್ಲ ನಾನೂ ನನ್ನ ಗಂಡನೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆವು, ಬೌಂಡರಿ ಎಂದುಕೊಂಡು. ಅದು ಫೌಲ್, ಅದಕ್ಕೆ ರನ್ ಇಲ್ಲ ಎಂದು ಪಕ್ಕದಲ್ಲಿ ಕೂತಿದ್ದ ತಮಿಳು ಅಕ್ಕ ಹೇಳಿಕೊಟ್ಟಳು. ಅವಳು ನಮ್ಮ ಕಾಂಡೋದಲ್ಲೇ, ಎಂದರೆ ಅಪಾರ್ಟ್‌ಮೆಂಟಿನಲ್ಲೇ, ಇರುವವಳು, ಅವಳ ಮಗಳೂ ಅದೇ ತಂಡದಲ್ಲಿ ಆಡುತ್ತಾಳೆ.

ನನ್ನ ಮಗಳು ಪಿಚರ್ ಆಗಿದ್ದಳು. ಮನೆಯಲ್ಲಿ ದಿನಾ ಯಾರಾದರೂ ಅವಳ ಚೆಂಡು ಹಿಡಿಯಬೇಕು, ಆಗಲೇ ಕೈ ಪಳಗುವುದು ಎಂದು ಟೀಚರ್ ಹೇಳಿದ್ದರು. ಟೀಚರ್ ಎಂದರೆ ತಂಡದ ಕೋಚ್, ಗಣಿತ ಹೇಳಿಕೊಡುವ ಚೀನೀ ಹೆಂಗಸು. ನನ್ನ ಗಂಡನನ್ನು ಕೇಳಿದರೆ ಸೊಂಟ ಹಿಡಿದುಕೊಂಡು ತೋರಿಸಿದ. ಸೈಬರ್‌ಜಯಾದ ಆಫೀಸಿನಲ್ಲಿ ದಿನವಿಡೀ ಕುರ್ಚಿಯಲ್ಲಿ ಕೂರುವವನಿಗೆ ಕೆಳಗೆ ಕೂರಲು ಬರುವುದಿಲ್ಲವಂತೆ. ಸರಿ, ನಾನೇ ಇಳಿದೆ. ಕಾಂಡೋದ ನೆಲಮಾಳಿಗೆಯ ಕಾರ್ ಪಾರ್ಕಿನಲ್ಲಿ, ಕಂಬದ ಪಕ್ಕ, ದೊಡ್ಡ ಗ್ಲೌಸು ಹಾಕಿಕೊಂಡು ಕೂತೆ. ಊರಿನ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆದ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಂತು.

ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ ಬಂದು, ಅಕ್ಕಿ ತೊಳೆದಿಟ್ಟು, ದಿನಾ ಸಂಜೆ ಕೆಳಗಿಳಿಯುತ್ತಿದ್ದೆ. ವರ್ಷಗಟ್ಟಲೆ ಹಾಗೆ ಮಾಡಿದೆ. ಚೆಂಡು ಕೈಗೆ ಬಂದ ರೀತಿಯಿಂದಲೇ ಅವಳು ಎಲ್ಲಿ ತಪ್ಪಿದಳೆಂದು ನನಗೆ ತಿಳಿಯತೊಡಗಿತು. ಮೊಣಕೈ ಮೈಯಿಂದ ದೂರ ಹೋದರೆ ಚೆಂಡು ಓರೆಯಾಗಿ ಹೊರಗೆ ಹೋಗುತ್ತಿತ್ತು. ಉಸಿರು ಕಟ್ಟಿ ಎಸೆದರೆ ಎತ್ತರಕ್ಕೆ ಬರುತ್ತಿತ್ತು. ನನಗೆ ಇಂಗ್ಲಿಷಿನಲ್ಲಿ ಬೈಯಲು ಬರುವುದಿಲ್ಲ, ಪಾಠ ಮಾತ್ರ ಮಾಡಬಲ್ಲೆ. ಹಾಗಾಗಿ ಬೈಗುಳವೆಲ್ಲ ನಮ್ಮೂರಿನ ಭಾಷೆಯಲ್ಲೇ.

"ಮೊಣಕೈ ಪಕ್ಕೆಗ್ ಹಚ್ಚೇ! ಎಷ್ಟ್ ಸಲ ಹೇಳ್ಬೇಕು?"

"ಐ ನೋ, ಮಾ."

"ಉಸ್ರು ಬಿಡು ಮೊದ್ಲು. ಆಮ್ಯಾಲೆ ಚೆಂಡ್ ಬಿಡು."

"ಐ ನೋ ಲಾ, ಮಾ."

ನಾನು ಕನ್ನಡದಲ್ಲಿ ಹೇಳುವುದು, ಅವಳು ಇಲ್ಲಿಯವರಂತೆ ಕೊನೆಗೆ ‘ಲಾ’ ಹಚ್ಚಿ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ನಮ್ಮ ಮನೆಯಲ್ಲಿ ಅವಳು ಮಾತು ಕಲಿತಾಗಿನಿಂದ ಹೀಗೇ. ಕೇಳಿ ಕೇಳಿ ನನಗೂ ಸಾಕಾಗಿತ್ತು. ಎಡಗೈಯ ಹೆಬ್ಬೆರಳು ಊದಿ ತಿಂಗಳುಗಟ್ಟಲೆ ಚಪಾತಿ ಲಟ್ಟಿಸಲು ಆಗಲಿಲ್ಲ. ಆದರೂ ಮಗಳು ಮೈದಾನದ ನಡುವೆ ನಿಂತು ತೋಳು ತಿರುಗಿಸಿದಾಗ ಆ ಚೆಂಡಿನಲ್ಲಿ ನನ್ನದೂ ಪಾಲಿದೆ ಎನಿಸುತ್ತಿತ್ತು. ಈ ಮಾತನ್ನು ಯಾರೆದುರೂ ಆಡಿರಲಿಲ್ಲ.

ಈಗ ಆ ಹುಡುಗಿಗೆ ಬರುತ್ತೇನೆ. ವರ್ಷಕ್ಕೊಮ್ಮೆ ನಮ್ಮ ಶಾಲೆಗೂ ಮೆಲಾಕಾದ ಒಂದು ಶಾಲೆಗೂ ಪಂದ್ಯವಿರುತ್ತದೆ. ಒಂದು ವರ್ಷ ನಾವು ಅಲ್ಲಿಗೆ ಹೋಗುತ್ತೇವೆ, ಮರುವರ್ಷ ಅವರು ಇಲ್ಲಿಗೆ ಬರುತ್ತಾರೆ. ಅವರ ತಂಡದಲ್ಲಿ ಎಡಗೈಯಲ್ಲಿ ಎಸೆಯುವ ಒಬ್ಬ ಮಲಾಯ್ ಹುಡುಗಿ ಇದ್ದಳು, ತೆಳ್ಳಗೆ, ಉದ್ದಕ್ಕೆ. ನಾವು ಮೆಲಾಕಾಕ್ಕೆ ಹೋದ ವರ್ಷ ನಮ್ಮ ಹುಡುಗಿಯರೆಲ್ಲ ಅವಳ ಎದುರು ಬ್ಯಾಟು ಬೀಸಿ ಬೀಸಿ ವಾಪಸು ಬಂದರು. ನನ್ನ ಮಗಳ ಸರದಿ ಬಂದಾಗ ಆ ಮಹಾರಾಯ್ತಿ ಎಸೆದ ಚೆಂಡು ನೇರವಾಗಿ ಬಂದು ಮಗಳ ಮಣಿಕಟ್ಟಿಗೆ ಬಡಿಯಿತು. ಆ ಸದ್ದು ನಾನು ಕೂತಲ್ಲಿಗೆ ಕೇಳಿಸಿತು. ಮಗಳು ಮಣ್ಣಿನಲ್ಲಿ ಮಂಡಿಯೂರಿದಳು. ಆ ಹುಡುಗಿ ಹತ್ತಿರ ಬರುವುದಿರಲಿ, ತನ್ನ ಜಾಗ ಬಿಟ್ಟು ಒಂದು ಹೆಜ್ಜೆ ಇಡಲಿಲ್ಲ. ಕಂಬದ ಹಾಗೆ ನಿಂತಿದ್ದಳು.

ನಾವು ಸುಮ್ಮನಿರಲಿಲ್ಲ. ಬೇಲಿಯ ಹತ್ತಿರ ಹೋಗಿ ಎಲ್ಲರೂ ಕೂಗಿದೆವು. ತಮಿಳು ಅಕ್ಕ ತಮಿಳಿನಲ್ಲಿ, ನಾನು ಕನ್ನಡದಲ್ಲಿ, ಉಳಿದವರು ತಮಗೆ ಬಂದದ್ದರಲ್ಲಿ. ಜಗಳವೆಂದರೆ ಮಾರು ದೂರ ನಿಲ್ಲುವ ನನ್ನ ಗಂಡನೂ "ವಾಟ್ ಈಸ್ ದಿಸ್!" ಎಂದ. ವ್ಯಾನಿನಲ್ಲಿ ಪುಚೊಂಗ್ ತಲುಪುವವರೆಗೂ ಅವಳದೇ ಮಾತು. ಅಂಥ ಸೊಕ್ಕಿನ ಹುಡುಗಿಯನ್ನು ಎಲ್ಲೂ ನೋಡಿಲ್ಲ ಎಂದು ಎಲ್ಲರೂ ಒಪ್ಪಿಕೊಂಡೆವು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಮುಂದೆ ನನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಈ ಮಾತನ್ನು ಮರೆತರು.

ಮರುವರ್ಷ ಶಾಲೆ ಶುರುವಾದಾಗ ಆ ಹುಡುಗಿಯ ಅಪ್ಪನಿಗೆ ಪುತ್ರಜಯಾದ ಸರ್ಕಾರಿ ಕಚೇರಿಗೆ ವರ್ಗವಾಯಿತು. ಬಾಡಿಗೆ ಮನೆ ಸಿಕ್ಕಿದ್ದು ಪುಚೊಂಗ್‌ನಲ್ಲಿ, ಸೇರಿದ್ದು ನಮ್ಮ ಶಾಲೆಗೆ. ಇಡೀ ಸೆಲಾಂಗೋರ್ ರಾಜ್ಯದಲ್ಲಿ ಬೇರೆ ಶಾಲೆ ಇರಲಿಲ್ಲವೇ? ಮೊದಲ ಶನಿವಾರ ಮೈದಾನಕ್ಕೆ ಹೋಗಿ ನೋಡಿದರೆ ಅವಳು ನಮ್ಮ ಹಳದಿ ಜೆರ್ಸಿ ತೊಟ್ಟು ನಡುವೆ ನಿಂತಿದ್ದಾಳೆ, ಪಿಚರ್ ನಿಲ್ಲುವ ಜಾಗದಲ್ಲಿ. ನನ್ನ ಮಗಳು ಮುಖಕ್ಕೆ ಜಾಲರಿ ಕಟ್ಟಿಕೊಂಡು ಬ್ಯಾಟಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ, ನಾನು ಕಾರ್ ಪಾರ್ಕಿನಲ್ಲಿ ಕೂರುತ್ತಿದ್ದ ಹಾಗೇ. ನನ್ನ ಮೈಯೆಲ್ಲ ಉರಿದುಹೋಯಿತು.

"ಏನ್ರೀ ಇದು?" ಎಂದೆ ಗಂಡನಿಗೆ.

"ಟೀಮಿಗೆ ಒಳ್ಳೇದೇ ಆತಲ್ಲ" ಎಂದ ಆ ಪುಣ್ಯಾತ್ಮ.

"ಯಾರ ಟೀಮಿಗೆ?"

ಅವನು ನೀರಿನ ಬಾಟಲಿ ಹುಡುಕತೊಡಗಿದ.

ಆವತ್ತು ಒಂದು ಸಮಾಧಾನವಿತ್ತು. ಯಾರೂ ಅವಳಿಗೆ ಚಪ್ಪಾಳೆ ಹೊಡೆಯಲಿಲ್ಲ. ಅವಳು ಎದುರಾಳಿಯನ್ನು ಔಟ್ ಮಾಡಿದರೂ ನಮ್ಮ ಕಡೆಯ ಬೆಂಚುಗಳು ಗಪ್‌ಚುಪ್. ಅವಳ ತಾಯಿ ತಲೆವಸ್ತ್ರ ಸರಿಪಡಿಸಿಕೊಳ್ಳುತ್ತ ಬೆಂಚಿನ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ನಡುವೆ ನಾಲ್ಕು ಜನ ಕೂರುವಷ್ಟು ಜಾಗ ಖಾಲಿ ಇತ್ತು. ಇರಲಿ, ಹಾಗೇ ಇರಲಿ ಎಂದುಕೊಂಡೆ.

ಆದರೆ ಗೆಲುವೆಂಬುದು ಜನರನ್ನು ಎಷ್ಟು ಬೇಗ ಮೆತ್ತಗೆ ಮಾಡುತ್ತದೆ! ಎರಡು ಪಂದ್ಯ ಗೆದ್ದೆವು. ಬೆಂಚಿನ ಮೇಲೆ ಸಣ್ಣಗೆ ಚಪ್ಪಾಳೆ ಕೇಳಿಸಿತು. ಮುಂದಿನ ಪಂದ್ಯದಲ್ಲಿ ಆ ಹುಡುಗಿ ಸಾಲಾಗಿ ಔಟ್ ಮಾಡುತ್ತ ಹೋದಳು, ತಮಿಳು ಅಕ್ಕ ಎದ್ದು ನಿಂತು ಸಿಳ್ಳೆ ಹಾಕಿದಳು. ನಾನು ಅವಳ ಮುಖ ನೋಡಿದೆ.

"ಪಾವಂ ಲಾ, ಅಂದ ಪೊಣ್ಣು" ಎಂದಳು ಅಕ್ಕ, ಪಾಪ ಆ ಹುಡುಗಿ ಎಂದು. "ಒಂಟಿಯಾಗಿ ಎಷ್ಟು ದಿನ ಇರ್ತಾಳೆ? ಈಗ ನಮ್ಮ ಹುಡುಗಿ ತಾನೆ?"

ಪಾಪವಂತೆ! ಮೆಲಾಕಾದಲ್ಲಿ ಇದೇ ಅಕ್ಕ ಅವಳ ಕೈ ಸೇದಿಹೋಗಲಿ ಎಂದು ಶಾಪ ಹಾಕಿದ್ದಳು. ಕೇಳಿದರೆ, ಅದು ಆಟದ ಬಿಸಿಯಲ್ಲಿ ಅಂದದ್ದು ಎಂದಳು. ನನ್ನ ಗಂಡನಂತೂ ಅವಳಿಗೊಂದು ಅಡ್ಡಹೆಸರನ್ನೇ ಇಟ್ಟ. ಊರಿನಲ್ಲಿ ಅವನು ಆರಾಧಿಸುತ್ತಿದ್ದ ಕ್ರಿಕೆಟ್ ಎಡಗೈ ಬೌಲರನ ಹೆಸರದು. ಕೂಗಿ ಕೂಗಿ ಬೆಂಚಿನವರಿಗೆಲ್ಲ ಅದು ಅಂಟಿಕೊಂಡಿತು. ಮನೆಗೆ ಬಂದು ಅವನ ಜೊತೆ ಎರಡು ದಿನ ಮಾತಾಡಲಿಲ್ಲ. ಅವನಿಗೆ ಅದು ಮೂರನೆಯ ದಿನ ತಿಳಿಯಿತು.

ನಮ್ಮ ಬೆಂಚಿನಲ್ಲಿ ಒಂದು ರೂಢಿ ಇದೆ. ಪ್ರತಿ ಶನಿವಾರ ಒಬ್ಬರ ಸರದಿ, ಅವರು ಎಲ್ಲರಿಗೂ ತಿಂಡಿ ತರಬೇಕು. ಅಕ್ಕನ ಸರದಿಗೆ ಉಳುಂದು ವಡೆ, ಎಂದರೆ ನಮ್ಮ ಉದ್ದಿನ ವಡೆ, ನನ್ನ ಸರದಿಗೆ ಒಗ್ಗರಣೆ ಮಂಡಕ್ಕಿ. ಆಟದಲ್ಲಿ ಏನೇ ಆಗಲಿ, ಸರದಿ ತಪ್ಪುವಂತಿಲ್ಲ, ತಂದದ್ದನ್ನು ಬೇಡವೆನ್ನುವಂತಿಲ್ಲ. ಒಂದು ಶನಿವಾರ ಆ ಹುಡುಗಿಯ ತಾಯಿಯ ಸರದಿ ಬಂತು. ದೊಡ್ಡ ಡಬ್ಬಿ ಹಿಡಿದುಕೊಂಡು ಬೆಂಚಿನ ಉದ್ದಕ್ಕೂ ಹಂಚುತ್ತ ಬಂದಳು. ಹಸಿರು ಬಣ್ಣದ ಸಣ್ಣ ಉಂಡೆಗಳು, ಒಳಗೆ ಬೆಲ್ಲದ ಪಾಕ, ಮೇಲೆ ತೆಂಗಿನ ತುರಿ. ನಮ್ಮ ಕಡುಬಿನ ದೂರದ ನೆಂಟರ ಹಾಗಿದ್ದವು. ಮೊಟ್ಟೆ ಇಲ್ಲ, ಮೀನಿಲ್ಲ, ನೀವು ತಿನ್ನಬಹುದು ಎಂದು ನನ್ನ ಹತ್ತಿರ ಬಂದು ತಾನಾಗಿ ಹೇಳಿದಳು. ಎಲ್ಲರೂ ಬಾಯಿ ಚಪ್ಪರಿಸುತ್ತಿದ್ದರು. ಬೇಡ ಎನ್ನಲು ನನಗೊಂದು ನೆಪ ಬೇಕಿತ್ತು.

"ಸಾರಿ, ಟುಡೇ ಫಾಸ್ಟಿಂಗ್" ಎಂದುಬಿಟ್ಟೆ. "ಎವ್ರಿ ಸ್ಯಾಟರ್‌ಡೇ. ಅವರ್ ಕಸ್ಟಮ್. ಟಿಲ್ ಈವ್ನಿಂಗ್."

ನಮ್ಮೂರಿನ ಒಪ್ಪತ್ತಿನಲ್ಲಿ ಮಧ್ಯಾಹ್ನ ಗಡದ್ದಾಗಿ ಉಣ್ಣಬಹುದು. ಆದರೆ ಸುಳ್ಳು ಗಟ್ಟಿಯಾಗಿರಲಿ ಎಂದು ಸಂಜೆಯವರೆಗೆ ಎಂದೆ. ಈ ಮಾತನ್ನು ಬೇರೆ ಯಾರಿಗೆ ಹೇಳಿದ್ದರೂ, ಒಂದು ತಿಂದರೆ ಏನೂ ಆಗಲ್ಲ ಎಂದು ಬಾಯಿಗೆ ತುರುಕುತ್ತಿದ್ದರು. ನಾನು ಹೇಳಿದ್ದು ಯಾರಿಗೆ? ಬುದ್ಧಿ ತಿಳಿದಾಗಿನಿಂದ ಪ್ರತಿ ವರ್ಷ ತಿಂಗಳುಪೂರ್ತಿ ಉಪವಾಸ ಮಾಡುವ ಹೆಂಗಸಿಗೆ. ಅವಳ ಮುಖವೇ ಬದಲಾಯಿತು.

"ಪುವಾಸಾ?" ಎಂದಳು. ಉಪವಾಸಕ್ಕೆ ಅವರ ಮಾತು ಅದು. "ಓ, ಸಾರಿ, ಸಾರಿ, ಕಾಕ್." ಕಾಕ್ ಎಂದರೆ ಅಕ್ಕ. ತಟ್ಟನೆ ಡಬ್ಬಿಯ ಮುಚ್ಚಳ ಹಾಕಿದಳು, ವಾಸನೆಯೂ ನನಗೆ ಬರಬಾರದೆಂಬಂತೆ.

ಅಲ್ಲಿಗೆ ಮುಗಿಯಲಿಲ್ಲ. ಬಾಯಾರಿದಾಗ ಅವಳು ನನಗೆ ಬೆನ್ನು ತಿರುಗಿಸಿ ನೀರು ಕುಡಿದಳು. ಪಕ್ಕದಲ್ಲಿ ಉಂಡೆ ಮೆಲ್ಲುತ್ತಿದ್ದವರಿಗೂ ಪಿಸುಗುಟ್ಟಿ ಹೇಳಿದಳು, ಕಾಕ್ ಉಪವಾಸ ಇದ್ದಾರೆ, ಎದುರಿಗೆ ತಿನ್ನಬೇಡಿ ಎಂದು. ಆಟ ಮುಗಿದಾಗ ನನ್ನ ಪಾಲಿನ ಉಂಡೆಗಳನ್ನು ತಪಾವ್ ಮಾಡಿ, ಎಂದರೆ ಪೊಟ್ಟಣ ಕಟ್ಟಿ, ಕೈಗಿಟ್ಟಳು. ಸಂಜೆ ಉಪವಾಸ ಬಿಡುವಾಗ ತಿನ್ನಿ ಎಂದಳು. ಅವನ್ನು ಕಾರಿನಲ್ಲಿ ನನ್ನ ಗಂಡ ಒಂದೂ ಬಿಡದೆ ತಿಂದ.

ಮುಂದಿನ ಶನಿವಾರ ಬಂದವಳೇ ಕೇಳಿದಳು: "ಪುವಾಸಾ, ಕಾಕ್?" ನಾನು ಏನೆನ್ನಲಿ? ತಲೆಯಾಡಿಸಿದೆ. ಅದರ ಮುಂದಿನ ಶನಿವಾರವೂ ತಲೆಯಾಡಿಸಿದೆ. ಬೆಳಿಗ್ಗೆ ಮನೆಯಲ್ಲಿ ಕದ್ದು ತಿಂದು ಹೋಗೋಣವೆಂದರೆ, ಅವಳು ಅಷ್ಟು ಮರ್ಯಾದೆಯಿಂದ ಬೆನ್ನು ತಿರುಗಿಸುವಾಗ ಹೊಟ್ಟೆಯೊಳಗಿನ ಇಡ್ಲಿ ನಾಚಿಕೆಪಡುತ್ತಿತ್ತು. ಕೊನೆಗೆ ನಿಜವಾಗಿಯೂ ಒಪ್ಪತ್ತು ಮಾಡತೊಡಗಿದೆ. ನನಗೆ ಇಷ್ಟವಿಲ್ಲದ ಹುಡುಗಿಯನ್ನು ಊರೆಲ್ಲ ಹೊಗಳುವುದನ್ನು ಖಾಲಿ ಹೊಟ್ಟೆಯಲ್ಲಿ ಕೂತು ಕೇಳಬೇಕು. ನನ್ನ ಹಣೆಬರಹಕ್ಕೆ ನಾನೇ ಬರೆದುಕೊಂಡದ್ದು, ಯಾರನ್ನು ಬೈಯಲಿ?

ಸಂಜೆಯ ಕಾರ್ ಪಾರ್ಕೂ ನಿಂತುಹೋಯಿತು. ಕ್ಯಾಚರ್‌ಗೆ ಅಮ್ಮ ಚೆಂಡು ಹಿಡಿಯುವ ಅಗತ್ಯವಿಲ್ಲ. ದೊಡ್ಡ ಗ್ಲೌಸು ಚಪ್ಪಲಿ ಸ್ಟ್ಯಾಂಡಿನ ಮೇಲೆ ಧೂಳು ತಿನ್ನುತ್ತಿತ್ತು. ಸಂಜೆ ಅಕ್ಕಿ ತೊಳೆದಿಟ್ಟ ಮೇಲೆ ಏನು ಮಾಡಬೇಕೋ ತಿಳಿಯದೆ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ತಡೆಯಲಾರದೆ ಒಂದು ದಿನ ಟೀಚರನ್ನು ಕಾಣಲು ಶಾಲೆಗೇ ಹೋದೆ. ಹಳಬಳನ್ನು ಹೀಗೆ ಬದಿಗೆ ಸರಿಸುವುದು ನ್ಯಾಯವೇ ಎಂದು ಕೇಳಿದೆ.

ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಸರಿಸಲಿಲ್ಲ. ಅವಳೇ ಬಂದು ಕೇಳಿದಳು, ಕ್ಯಾಚರ್ ಮಾಡಿ ಅಂತ. ಅವಳು ಹೇಳಲಿಲ್ವಾ?"

ಮನೆಗೆ ಬಂದು ಮಗಳನ್ನು ನಿಲ್ಲಿಸಿಕೊಂಡೆ. "ಯಾಕೆ ಹಂಗ್ ಮಾಡಿದಿ? ಇಷ್ಟ್ ವರ್ಷ ನಾ ಕೂತು ಕೈ ಮುರ್ಕೊಂಡಿದ್ದು ಯಾತಕ್ಕ?"

"ಮಾ, ನಾನು ಅವಳ ಎದುರು ಬ್ಯಾಟ್ ಹಿಡಿದಿದ್ದೀನಿ. ಐ ನೋ ಹೌ ಗುಡ್ ಶೀ ಈಸ್. ನಿಂಗೆ ಗೊತ್ತಿಲ್ಲ."

ಅಪರೂಪಕ್ಕೆ ಅವಳ ಬಾಯಲ್ಲಿ ಕನ್ನಡ ಬಂದದ್ದು, ಅದೂ ಆ ಹುಡುಗಿಯ ಪರವಾಗಿ! "ನಿನ್ನ ಕೈಗೆ ಹೊಡದ್ಲಲ್ಲೇ! ಒಂದ್ ಸಾರಿನಾದ್ರೂ ಅಂದ್ಲಾ?"

"ಅವತ್ತೇ ಮೆಸೇಜ್ ಮಾಡಿದ್ಲು. ಶೀ ಫ್ರೋಝ್, ಮಾ. ಅಳ್ತಾ ಇದ್ಲು."

ಅಂದರೆ ಇವರಿಬ್ಬರೂ ಒಂದು ವರ್ಷದಿಂದ ಸ್ನೇಹಿತರು. ಸಿಟ್ಟನ್ನು ಸಾಕಿಕೊಂಡು ಬಂದವಳು ನಾನೊಬ್ಬಳೇ. ಇದನ್ನು ಕೇಳಿ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ನನಗೆ ಹೇಳದೆ ಇಷ್ಟೆಲ್ಲ ನಡೆಯಿತಲ್ಲ ಎಂದು ಸಿಟ್ಟು ಇನ್ನಷ್ಟು ಏರಿತು. ಎಂದಾದರೂ ಒಂದು ದಿನ ಆ ಎಡಗೈ ಸೋಲುತ್ತದೆ, ಆಗ ಟೀಚರ್ ನನ್ನ ಮಗಳನ್ನೇ ಕರೆಯುತ್ತಾರೆ, ಚೆಂಡು ಮತ್ತೆ ನಮ್ಮ ಕೈಗೆ ಬರುತ್ತದೆ ಎಂದು ಕಾಯತೊಡಗಿದೆ.

ಆ ದಿನ ಬಂತು. ವರ್ಷದ ಕೊನೆಯ ಪಂದ್ಯ, ಮೆಲಾಕಾದವರು ನಮ್ಮ ಮೈದಾನಕ್ಕೆ ಬಂದಿದ್ದರು. ಎಂದರೆ ಆ ಹುಡುಗಿಯ ಹಳೆಯ ತಂಡ. ನಾವು ಒಂದು ಕಾಲಕ್ಕೆ ಅವಳನ್ನು ಬೈದ ಹಾಗೇ ಈಗ ಅವರು ಬೈಯುತ್ತಿದ್ದರು. ಹಿಂದೆ ಅವಳಿಗೆ ಚಪ್ಪಾಳೆ ಹೊಡೆದ ತಂದೆತಾಯಿಯರೇ ಬೇಲಿಗೆ ಅಂಟಿ ನಿಂತು ಕೂಗುತ್ತಿದ್ದರು. ಹೇಗೋ ತಡೆದುಕೊಂಡು ಎಸೆಯುತ್ತ ಬಂದವಳು ಕೊನೆಯ ಸುತ್ತಿನಲ್ಲಿ ಕುಸಿದಳು. ಎಸೆದ ಚೆಂಡೆಲ್ಲ ಓರೆಯಾಗಿ ಹೊರಗೆ. ಈ ಆಟದಲ್ಲಿ ಹಾಗೆ ನಾಲ್ಕು ಸಲ ಹೊರಗೆ ಹಾಕಿದರೆ ಬ್ಯಾಟು ಹಿಡಿದವಳು ಆರಾಮಾಗಿ ಮೊದಲ ಬೇಸಿಗೆ, ಎಂದರೆ ಓಡಿ ಮುಟ್ಟಬೇಕಾದ ಮೂಲೆಗೆ, ನಡೆದು ಹೋಗುತ್ತಾಳೆ. ಹಾಗೆ ನಡೆದು ನಡೆದು ಮೂರೂ ಬೇಸುಗಳಲ್ಲಿ ಅವರವರೇ ತುಂಬಿಕೊಂಡರು. ಮತ್ತೊಬ್ಬಳೂ ಹಾಗೇ ನಡೆದಾಗ ಮೂರನೆಯ ಬೇಸಿನವಳು ಮುಂದೆ ಸರಿದಳು, ಬ್ಯಾಟಿಗೆ ಚೆಂಡು ತಾಗದೆಯೇ ಅವರಿಗೊಂದು ರನ್ ಬಂತು. ಅವರು ಮುಂದಾದರು. ಇಬ್ಬರು ಔಟಾಗಿದ್ದರು, ಇನ್ನೊಬ್ಬಳು ಔಟಾದರೆ ಸುತ್ತು ಮುಗಿಯುತ್ತಿತ್ತು.

ಆಗ ನಮ್ಮ ಬೆಂಚು ನೋಡಬೇಕಿತ್ತು! ಅಡ್ಡಹೆಸರಿಟ್ಟು ಮೆರೆಸಿದವರೆಲ್ಲ ಒಮ್ಮೆಗೇ ತಿರುಗಿಬಿದ್ದರು. "ಚೇಂಜ್! ಚೇಂಜ್ ಪಿಚರ್!" ಎಂದು ಅಕ್ಕ ಕೂಗಿದಳು. "ಹಳೇ ಊರಿನವರನ್ನ ನೋಡಿ ಕೈ ಬರ್ತಾ ಇಲ್ಲ ನೋಡು" ಎಂದು ಯಾರೋ ಅಂದರು. ನನ್ನ ಗಂಡನೂ ನನ್ನ ಕಡೆ ಬಾಗಿ, "ನಮ್ಮ ಹುಡುಗೀನೇ ಎಸೀಲಿ ಬಿಡು" ಎಂದ. ನನ್ನನ್ನು ಖುಷಿಪಡಿಸಲು ಹೇಳಿದ್ದೋ ಏನೋ. ಟೀಚರ್ ಎದ್ದು ನಿಂತರು. ನನ್ನ ಮಗಳ ಕಡೆ ನೋಡಿದರು.

ಇಡೀ ವರ್ಷ ಕಾದದ್ದು ಇದಕ್ಕೇ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

ಆದರೆ ಬೆಂಚಿನ ತುದಿಯಲ್ಲಿ ಅವಳ ತಾಯಿ ಎದ್ದು ನಿಂತಿದ್ದಳು, ಎರಡೂ ಕೈಯಲ್ಲಿ ಬೇಲಿ ಹಿಡಿದುಕೊಂಡು. ಅವಳ ಪಕ್ಕ ಮತ್ತೆ ನಾಲ್ಕು ಜನ ಕೂರುವಷ್ಟು ಜಾಗ ಖಾಲಿಯಾಗಿತ್ತು. ಛೀ, ಎಂಥ ಜನ ಎನಿಸಿತು. ನಾನಾದರೂ ಬೈದರೆ ಗೆದ್ದಾಗಲೂ ಬೈದಿದ್ದೆ, ಸೋತಾಗಲೂ ಬೈದಿದ್ದೆ. ಮತ್ತೆ ಮೈದಾನ ನೋಡಿದೆ. ಹುಡುಗಿ ತೋಳು ತಿರುಗಿಸಿದಳು. ಅವಳು ಎಲ್ಲಿ ತಪ್ಪುತ್ತಿದ್ದಾಳೆ ಎಂದು ನನಗೆ ಕಂಡಿತು. ಅಷ್ಟು ವರ್ಷ ನನ್ನ ಹೆಬ್ಬೆರಳು ಊದಿಸಿದ ತಪ್ಪು ಅದು, ನನಗೆ ಕಾಣದೆ ಇನ್ನಾರಿಗೆ ಕಾಣಬೇಕು? ಗಾಬರಿಯಲ್ಲಿ ಅವಳ ಮೊಣಕೈ ಮೈ ಬಿಟ್ಟು ದೂರ ಹೋಗುತ್ತಿತ್ತು. ಚೆಂಡು ಮತ್ತೆ ಹೊರಗೆ ಹೋಯಿತು. ಟೀಚರ್ ಗೆರೆಯ ಕಡೆ ಒಂದು ಹೆಜ್ಜೆ ಇಟ್ಟರು. ನಾನು ಎದ್ದೆ. ಯಾರೆದುರು, ಯಾವ ಭಾಷೆ, ಒಂದೂ ನೆನಪಾಗಲಿಲ್ಲ.

"ಮೊಣಕೈ ಪಕ್ಕೆಗ್ ಹಚ್ಚೇ! ಉಸ್ರು ಬಿಡು ಮೊದ್ಲು!"

ಖಾಲಿ ಹೊಟ್ಟೆಯಿಂದ ಅಷ್ಟು ದೊಡ್ಡ ದನಿ ಹೇಗೆ ಬಂತೋ. ಮೈದಾನದ ನಡುವೆ ಆ ಹುಡುಗಿ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಎಡಗೈಯ ಮೊಣಕೈಯನ್ನು ಪಕ್ಕೆಗೆ ತಂದು ತಾಗಿಸಿಕೊಂಡಳು, ಗಲ್ಲ ಉಬ್ಬಿಸಿ ಉಸಿರು ಬಿಟ್ಟಳು. ನಾನು ಹೇಳಿದ್ದು ಅಕ್ಷರಶಃ ತಿಳಿದವಳ ಹಾಗೆ. ಮೂರು ಚೆಂಡು ಎಸೆದಳು. ಮೂರೂ ನೇರವಾಗಿ ನನ್ನ ಮಗಳ ಗ್ಲೌಸಿಗೆ ಬಿದ್ದವು, ಬ್ಯಾಟಿನವಳು ಮೂರು ಸಲವೂ ಗಾಳಿಗೆ ಬೀಸಿ ಔಟಾದಳು. ಸುತ್ತು ಮುಗಿಯಿತು.

ಅಂಪೈರು ಬೇಲಿಯ ಹತ್ತಿರ ಬಂದು, ಪ್ರೇಕ್ಷಕರು ಆಟಗಾರರಿಗೆ ಹೇಳಿಕೊಡುವ ಹಾಗಿಲ್ಲ ಎಂದು ನನಗೆ ಎಚ್ಚರಿಕೆ ಕೊಟ್ಟ. ಏನು ಹೇಳಿದೆನೆಂದು ಅವನಿಗೂ ತಿಳಿದಿರಲಿಲ್ಲ. "ಕೋಚಿಂಗ್ ಅಲ್ಲ, ಸರ್. ಬೈಗುಳ ಲಾ" ಎಂದು ಟೀಚರ್ ಅವನನ್ನು ಕಳಿಸಿದರು.

ನಾವು ಗೆದ್ದೆವು ಎಂದು ಹೇಳಲು ನನಗೂ ಆಸೆ. ಗೆಲ್ಲಲಿಲ್ಲ. ನಮ್ಮ ಬ್ಯಾಟಿಂಗ್‌ನಲ್ಲಿ ಕೊನೆಯವಳು ನನ್ನ ಮಗಳು. ಅವಳು ಹೊಡೆದ ಚೆಂಡು ಎತ್ತರಕ್ಕೆ ಹಿಂದಕ್ಕೆ ಹಾರಿತು. ನನ್ನ ಗಂಡ ಇಷ್ಟು ವರ್ಷದ ಮೇಲೂ ಎದ್ದು ನಿಂತು ಚಪ್ಪಾಳೆ ಹೊಡೆದ. ಮರು ಎಸೆತಕ್ಕೆ ಕ್ಯಾಚ್ ಕೊಟ್ಟು ಔಟಾದಳು. ಒಂದು ರನ್ನಿನಿಂದ ಸೋತೆವು.

ಆ ಹುಡುಗಿಯ ತಾಯಿ ಬಂದು ನನ್ನ ಪಕ್ಕ ಕೂತಳು. ಆವತ್ತು ಅವಳದೇ ಸರದಿ, ಗಲಾಟೆಯಲ್ಲಿ ಹಂಚದೆ ಉಳಿದ ಡಬ್ಬಿ ತೊಡೆಯ ಮೇಲಿತ್ತು. ಕಣ್ಣು ಕೆಂಪಾಗಿತ್ತು. ಅಭ್ಯಾಸಬಲದಿಂದ ನನಗೆ ಬೆನ್ನು ತಿರುಗಿಸಿ ನೀರು ಕುಡಿದಳು. ನನಗೆ ಇನ್ನು ತಡೆಯಲಾಗಲಿಲ್ಲ. ಡಬ್ಬಿ ಎಳೆದುಕೊಂಡು, ಮುಚ್ಚಳ ತೆಗೆದು, ಒಂದು ಹಸಿರು ಉಂಡೆ ಬಾಯಿಗೆ ಹಾಕಿಕೊಂಡೆ.

"ಕಾಕ್! ಪುವಾಸಾ!" ಎಂದು ಅವಳು ಗಾಬರಿಯಿಂದ ಆಕಾಶ ನೋಡಿದಳು. ಸೂರ್ಯ ನೆತ್ತಿಯಿಂದ ಸ್ವಲ್ಪ ವಾಲಿದ್ದ, ಅಷ್ಟೆ.

"ಫಿನಿಶ್" ಎಂದೆ. ಬೆಲ್ಲದ ಪಾಕ ಬಾಯಲ್ಲಿ ಒಡೆದಿತ್ತು. ಅವಳ ಸರದಿ ಬಂದಾಗಲೆಲ್ಲ ಇದನ್ನು ಗಂಡನ ಹೊಟ್ಟೆಗೆ ಹಾಕಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಇನ್ನೆರಡು ತಿಂದೆ.

ಕಾರಿನಲ್ಲಿ ಮಗಳನ್ನು ಕೇಳಿದೆ. "ಆ ಹುಡುಗಿಗೆ ಕನ್ನಡ ಯಾವಾಗಿಂದ ಬರ್ತೈತೆ?"

"ಆ ನಾಲ್ಕು ಮಾತು ಅಷ್ಟೇ. ನಾನು ಪ್ರತಿ ಸಲ ಹತ್ರ ಹೋಗಿ ಅವಳಿಗೆ ಹೇಳ್ತೀನಲ್ಲ." ಅವಳು ಕಿಟಕಿಯ ಗಾಜಿಗೆ ತಲೆ ಆನಿಸಿಕೊಂಡಿದ್ದಳು. "ಪಿಚಿಂಗ್ ಐ ಓನ್ಲಿ ನೋ ಇನ್ ಕನ್ನಡ, ಮಾ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದಳು, "ನೀನು ಸುಮ್ನಿದ್ದಿದ್ರೆ ಟೀಚರ್ ನಂಗೇ ಬಾಲ್ ಕೊಡ್ತಿದ್ರು, ಗೊತ್ತಾ?"

"ಗೊತ್ತು" ಎಂದೆ. "ಬೇಕಿತ್ತಾ ನಿಂಗೆ?"

"ನೋ ಲಾ" ಎಂದಳು. "ಸಂಡೇ ಅವಳು ಕಾರ್ ಪಾರ್ಕಿಗೆ ಬರ್ತಾಳಂತೆ. ನೀನು ಹಿಡೀತೀಯಾ?"

"ಕ್ಯಾಚರ್ ನೀನಿದ್ದಿಯಲ್ಲ, ನೀನೇ ಹಿಡಿ."

"ನಾಟ್ ದ ಸೇಮ್. ನಂಗೆ ಬೈಯಕ್ಕೆ ಬರಲ್ಲ."

ಭಾನುವಾರ ಸಂಜೆ ಗ್ಲೌಸಿನ ಧೂಳು ಒರೆಸಿಕೊಂಡು ಅದೇ ಕಂಬದ ಪಕ್ಕ ಕೂತೆ. ಮಂಡಿ ಎರಡೂ ಲಟಲಟ ಎಂದವು. ಆ ಹುಡುಗಿ ದೂರದಲ್ಲಿ ನಿಂತು ತೋಳು ತಿರುಗಿಸಿದಳು. ಚೆಂಡು ಕಣ್ಣಿಗೆ ಕಾಣುವ ಮೊದಲೇ ಗ್ಲೌಸಿಗೆ ಬಡಿಯಿತು. ಅಂಗೈಯಿಂದ ಮೊಣಕೈಯವರೆಗೆ ಬೆಂಕಿ ಬಿದ್ದಂತಾಯಿತು. ಅಷ್ಟು ವರ್ಷದಲ್ಲಿ ನನ್ನ ಮಗಳ ಒಂದು ಚೆಂಡೂ ಹೀಗೆ ಕೈ ಉರಿಸಿರಲಿಲ್ಲ. ಮಗಳು ಕಂಬಕ್ಕೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಮೊದಲೇ ಗೊತ್ತಿದ್ದದ್ದು ನನಗೆ ಈಗ ಗೊತ್ತಾಯಿತೆಂದು ಅವಳಿಗೆ ತಿಳಿಯಿತು. ಚೆಂಡು ವಾಪಸು ಎಸೆದು, ಮೊಣಕೈ ಮತ್ತೆ ಹೊರಗೆ ಹೋಯಿತೆಂದು ಆ ಹುಡುಗಿಗೆ ಬೈದೆ.